ನೆಲ ಬಿಟ್ಟೇಳದ ವಿಮಾನದ ಎತ್ತರ

ಹತ್ತು ಜನ ಒಂದೇ ಕಥೆಯನ್ನು ಒಂದೇ ಥರ ಹೇಳಿದರೆ ನಂಬಿಬಿಡುವವರು ಬಹಳ. ನನಗೆ ಮಾತ್ರ ಅನುಮಾನ ಶುರುವಾಗುವುದೇ ಅಲ್ಲಿಂದ. ಕಾಲೇಜಿನ ಚರ್ಚಾಸ್ಪರ್ಧೆಗಳು ಅಂಟಿಸಿದ ಚಟ ಇದು. ಮನೆಯವರು ಇದಕ್ಕೆ ಬೇರೆ ಹೆಸರಿಟ್ಟಿದ್ದಾರೆ, ಅದು ಬರೆಯುವಂಥದ್ದಲ್ಲ. ಸಿಂಧನೂರು ದಾಟಿ ಮಸ್ಕಿ ರಸ್ತೆಯಲ್ಲಿ ಗದ್ದೆಗಳ ನಡುವೆ ವಿಮಾನವೊಂದು ನಿಂತಿದೆ. ಅದು ಹೋಟೆಲು. ಅಲ್ಲಿ ಚಹಾ ಕುಡಿಯುವ ಯಾರನ್ನಾದರೂ, ಪೈಲಟ್ ಕೂಡುವ ಕೋಣೆಯಲ್ಲಿ ಹಳೆಯ ಮೀಟರುಗಳ ಜಾಗಕ್ಕೆ ಪರದೆಗಳು ಯಾಕೆ ಬಂದವೆಂದು ಕೇಳಿ. "ಹಳೇವೆಲ್ಲಾ ಕೆಟ್ಟು ಕೆರ ಹಿಡಿದಿದ್ವು ರೀ, ಕಿತ್ತು ಹಾಕಿಸಿದ್ರು" ಎನ್ನುತ್ತಾರೆ. ನನ್ನ ಆಕ್ಷೇಪಣೆ ಇದೆ. ಎಲ್ಲವೂ ಕೆಟ್ಟಿರಲಿಲ್ಲ. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ, ಯಾಕೆಂದರೆ ಆ ಪರದೆಗಳನ್ನು ಕೂಡಿಸಿದವಳೇ ನಾನು. ಸಿಂಧನೂರಿನಲ್ಲಿ ಕ್ಯಾಮೆರಾ, ಪರದೆ, ವೈರು ಎಂದು ನನ್ನದೊಂದು ಸಣ್ಣ ಅಂಗಡಿ ಇದೆ.

ವಿಮಾನದ ಮಾಲೀಕರು ಅಮರೇಗೌಡರು. ಜವಳಗೇರಾದಲ್ಲಿ ಅಕ್ಕಿ ಮಿಲ್ ಇದೆ. ಮಿಲ್ಲಿನವರು ಸಾಧಾರಣವಾಗಿ ಲಾಡ್ಜು ಕಟ್ಟಿಸುತ್ತಾರೆ, ಇವರಿಗೆ ವಿಮಾನದ ಹುಚ್ಚು. ಎಲ್ಲೋ ಗುಜರಿಗೆ ಬಿದ್ದಿದ್ದ, ನಮ್ಮಪ್ಪನಿಗಿಂತ ಹಿರಿಯದಾದ, ಎರಡು ಪಂಕಾದ ಪ್ರಯಾಣಿಕರ ವಿಮಾನವನ್ನು ಕೊಂಡು ತಂದರು. ಲಿಂಗಸುಗೂರು ಕಡೆಯಿಂದ ಒಂದು ಲಾರಿಯಲ್ಲಿ ಮೈ ಬಂತು, ಹಿಂದಿನ ಲಾರಿಯಲ್ಲಿ ರೆಕ್ಕೆ. ಕರೆಂಟು ಮಾಡುವ ಗಾಳಿ ಗಿರಣಿಯ ರೆಕ್ಕೆಗಳು ಲಾರಿಗಳಲ್ಲಿ ಹೋಗುವುದನ್ನು ನೋಡಿ ನೋಡಿ ಸಾಕಾಗಿದ್ದ ಮಸ್ಕಿಯ ಜನ "ಇದೂ ಕರೆಂಟಿನ ಪಂಕಾನೇ ಬಿಡ್ರಿ" ಎಂದು ಮುಖ ತಿರುಗಿಸಿದರಂತೆ. ಆಮೇಲೆ ಬಣ್ಣ ಬಂತು, ಹೊಸ ಸೀಟು ಬಂತು, ಸೀಟಿನ ಮುಂದೆ ಇಡ್ಲಿ ತಟ್ಟೆ ಇಡಲು ಹಲಗೆ ಬಂತು. ಕೊನೆಗೆ ಮುಂದಿನ ಕೋಣೆಯ ಮೀಟರುಗಳನ್ನು ಹಸನು ಮಾಡಲು ಹನುಮಂತ ಕಾಕಾ ಬಂದ.

ಕಾಕಾ ನಮ್ಮಪ್ಪನ ತಮ್ಮ. ದೂರದ ವಿಮಾನ ನಿಲ್ದಾಣವೊಂದರ ಶೆಡ್ಡಿನಲ್ಲಿ ಮೀಟರುಗಳನ್ನು ಬಿಚ್ಚಿ ಕೂಡಿಸುತ್ತಲೇ ತಲೆ ಬೆಳ್ಳಗಾಗಿಸಿಕೊಂಡು, ನಿವೃತ್ತನಾಗಿ ಬಳಗಾನೂರಿಗೆ ಮರಳಿದ್ದ. ಊರಿನಲ್ಲಿ ಅವನ ವಿದ್ಯೆಗೆ ಗಿರಾಕಿಯಿರಲಿಲ್ಲ. ಯಾರೋ ಮೋಟರ್ ಸೈಕಲ್ಲಿನ ಮೀಟರು ತಂದರೆ ಅವಮಾನವಾದವನಂತೆ ಕೂತಿರುತ್ತಿದ್ದ. ವಿಮಾನ ಬಂದ ಮೇಲೆ ಮನುಷ್ಯನೇ ಬದಲಾದ. ದಿನಾ ಬೆಳಗ್ಗಿನ ಬಸ್ಸಿಗೆ ಇಸ್ತ್ರಿ ಅಂಗಿ ಹಾಕಿಕೊಂಡು, ರೊಟ್ಟಿಯ ಡಬ್ಬಿ ಹಿಡಿದು ಡ್ಯೂಟಿಗೆ ಬರುತ್ತಿದ್ದ. ಮಧ್ಯಾಹ್ನದ ಬಸ್ಸಿಗೆ ವಾಪಸ್ಸು.

ಇಂಜಿನ್ನೇ ಇಲ್ಲದ ವಿಮಾನದಲ್ಲಿ ಮೀಟರುಗಳು ಏನು ತೋರಿಸಬೇಕು? ಎಲ್ಲವೂ ಫಳಫಳ ಹೊಳೆಯುತ್ತ ಸೊನ್ನೆಯಲ್ಲೇ ನಿಂತವು. ಒಂದು ಮಾತ್ರ ಬದುಕಿತ್ತು: ಎತ್ತರ ತೋರಿಸುವ ಗಡಿಯಾರ. ಅದಕ್ಕೆ ಕರೆಂಟು ಬೇಡ, ಪೆಟ್ರೋಲು ಬೇಡ. ಒಳಗೊಂದು ತೆಳ್ಳನೆಯ ತಗಡಿನ ಡಬ್ಬಿ ಇರುತ್ತದೆ. ಮೇಲೇರಿದಂತೆ ಗಾಳಿ ತೆಳುವಾಗಿ ಡಬ್ಬಿ ಉಬ್ಬುತ್ತದೆ, ಮುಳ್ಳು ಏರುತ್ತದೆ. ನೆಲದ ಮೇಲೆ ನಿಂತಿದ್ದರೂ, ದೊಡ್ಡ ಮಳೆಗೆ ಮುಂಚೆ ಗಾಳಿಯ ಒತ್ತಡ ಇಳಿದರೆ ಡಬ್ಬಿ ಮೋಸ ಹೋಗಿ "ಏರಿದೆವು" ಎನ್ನುತ್ತದೆ. ಕಾಕಾ ಅದರ ಗಾಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿಯೇ ಓದುತ್ತಿದ್ದ. "ಮಲಗಿದ್ದವರನ್ನ ಎಬ್ಬಿಸಿ ಮಾತಾಡಿಸಬೇಕು ಬೇ."

ಆ ಗಡಿಯಾರ ಮಳೆಯ ಸುಳಿವು ಕೊಡುತ್ತದೆಂದು ಅವನು ಒಂದು ದಿನ ಬಾಯಿ ಬಿಟ್ಟ. ಭತ್ತದ ಸುಗ್ಗಿ. ರಸ್ತೆಯುದ್ದಕ್ಕೂ ಭತ್ತ ಒಣಹಾಕಿದ್ದ ಕಾಲ. ಮಧ್ಯಾಹ್ನದ ಚಹಾಕ್ಕೆ ಬಂದ ರೈತರು, ಕಾಕಾ ಮನೆಗೆ ಹೋಗಿದ್ದರೂ, ತಾವೇ ಒಳಗೆ ಇಣುಕಲು ಶುರು ಮಾಡಿದರು.

"ಏನ್ರೀ, ವಿಮಾನ ಎಷ್ಟು ಏರೈತಿ?"

"ನೂರಡಿ ಏರೈತಲೇ! ಓಡು, ತಾಡಪತ್ರಿ ಹಾಕು!"

ದಿನಾ ಇದೇ ಓಟ. ಒಂದು ದಿನ ಬಿಟ್ಟರೆ ದಿನಾ ಬಿಸಿಲು.

ಈ ನಡುವೆ ಗೌಡರಿಗೆ ಹೊಸ ಯೋಚನೆ ಹೊಳೆಯಿತು. "ಈಗಿನ ವಿಮಾನದಾಗ ಬರೇ ಪರದಿ ಇರ್ತಾವಂತ. ನಮ್ಮದೂ ಹಂಗ ಆಗಬೇಕು" ಎಂದು ನನ್ನ ಅಂಗಡಿಗೆ ಬಂದರು. ಅಂಥ ದೊಡ್ಡ ಕೆಲಸ ನನಗೆ ಅದೇ ಮೊದಲು. ಕಾಕಾ ಕೇಳಿದ್ದು ಒಂದೇ: "ಉಳದವು ತಗೀರಿ ಗೌಡ್ರ. ಎತ್ತರದ್ದೊಂದು ಬಿಡ್ರಿ. ಜೀವ ಇರೋದು ಅದಕ್ಕ." ಅದೂ ಹೋದರೆ ಬೆಳಗ್ಗಿನ ಬಸ್ಸು ಹತ್ತಲು ಅವನಿಗೆ ಕಾರಣವೇ ಇರುತ್ತಿರಲಿಲ್ಲ. ಇದು ನನಗೆ ಗೊತ್ತಿತ್ತು. ಆದರೆ ದೊಡ್ಡ ಪರದೆ ಕೂಡಬೇಕಾದ ಜಾಗದ ನಟ್ಟನಡುವೆ ಆ ಗಡಿಯಾರವಿತ್ತು. ಜೊತೆಗೆ ಅದರ ಮಳೆ ಶಾಸ್ತ್ರದ ಮೇಲೆ ನನಗೆ ನಂಬಿಕೆಯೂ ಇರಲಿಲ್ಲ. ಗೌಡರು ಒಂದು ದಿನ ವಿಮಾನದಲ್ಲೇ ನ್ಯಾಯ ಹೇಳಿದರು: "ಕಾಕಾ-ಮಗಳು ಇಲ್ಲೇ ಎಲ್ಲಾರ ಮುಂದ ಮಾತಾಡ್ರಿ. ಗೆದ್ದವರ ಮಾತು ನಡೀತದ."

"ವಕೀಲವ್ವ ಎದ್ಲು! ಕೇಸು ಮುಗೀತು!" ಎಂದು ಯಾರೋ ಕೂಗಿದರು. ನಾನು ಸಿದ್ಧಳಾಗಿಯೇ ಹೋಗಿದ್ದೆ. "ಹದಿನೈದು ದಿನ ಬರದಿಟ್ಟೀನಿ. ಹದಿನೈದು ಮಧ್ಯಾಹ್ನನೂ ಮುಳ್ಳು ಏರೈತಿ. ಮಳಿ ಬಂದದ್ದು ಒಂದ ದಿನ. ಕಳ್ಳ ಬರಲಿ, ಬಿಡಲಿ, ದಿನಾ ಬೊಗಳೋ ನಾಯಿನ ಯಾರರ ಕಾವಲಿಗೆ ಇಟಗೋತಾರೇನು?"

ವಿಮಾನದ ತುಂಬ ನಗೆ. ತುರ್ವಿಹಾಳದ ತಿಮ್ಮಪ್ಪ ಎದ್ದು ನಿಂತು, "ಖರೇ ಐತ್ರೀ! ಮುಚ್ಚಿ ಮುಚ್ಚಿ ನಮ್ಮ ಭತ್ತ ಮೊಳಕಿ ಒಡದೈತಿ!" ಎಂದ.

ಕಾಕಾ ನನ್ನ ಹಾಳೆಯನ್ನು ಕನ್ನಡಕ ಹಾಕಿಕೊಂಡು ಓದಿದ. "ಎಲ್ಲಾ ಮಧ್ಯಾಹ್ನದ್ದ ಬರದೀ?"

"ಮೂರೂವರಿಗೆ ಸರಿಯಾಗಿ. ಒಂದಿನಾನೂ ತಪ್ಪಿಸಿಲ್ಲ."

"ಛಲೋ ಬರದೀ ಬೇ." ಇನ್ನೇನೋ ಹೇಳಲು ಬಾಯಿ ತೆರೆದ. ನನ್ನ ಮುಖ ನೋಡಿದ. "ತಗೀರಿ ಹಂಗಾರ" ಎಂದು ಸ್ಕ್ರೂ ಡ್ರೈವರನ್ನು ತಾನೇ ಕೈಗೆತ್ತಿಕೊಂಡ.

ಪರದೆಗಳು ಬಂದವು. ಈಗ ಅಲ್ಲಿ ಮೋಡಗಳು ಸರಿಯುತ್ತವೆ, ಎತ್ತರ ಮೂವತ್ತು ಸಾವಿರ ಅಡಿ ಎಂದು ತೋರಿಸುತ್ತದೆ, ಜನ ಸೆಲ್ಫಿ ತೆಗೆದುಕೊಳ್ಳುತ್ತಾರೆ. ನೂರಡಿಯ ಸುಳ್ಳು ಹೇಳುತ್ತದೆಂದು ಒಂದನ್ನು ಕಿತ್ತು ಹಾಕಿಸಿದ ವಿಚಾರವಾದಿ, ಮೂವತ್ತು ಸಾವಿರ ಅಡಿಯ ಸುಳ್ಳನ್ನು ತನ್ನ ಕೈಯಾರೆ ವೈರು ಜೋಡಿಸಿ ಹಚ್ಚಿದಳು. ಆಗ ಇದು ಹೊಳೆಯಲಿಲ್ಲ.

ಗಡಿಯಾರವನ್ನು ಕಾಕಾ ನನಗೇ ಕೊಟ್ಟ, ಅದನ್ನು ಅಂಗಡಿಯ ಗೋಡೆಗೆ ಹಾಕಿದೆ. ಮೊದಮೊದಲು ಅಣಕಕ್ಕೆಂದು ಓದುತ್ತಿದ್ದವಳು, ಅಂಗಡಿ ತೆಗೆಯುವಾಗ ಬೆಳಗ್ಗೆಯೂ ಓದತೊಡಗಿದೆ. ಆಗ ತಿಳಿಯಿತು: ಮುಳ್ಳು ಮಧ್ಯಾಹ್ನ ಏರುವುದು, ಆಮೇಲೆ ಇಳಿಯುವುದು ದಿನನಿತ್ಯದ ಉಸಿರಾಟ, ಅದಕ್ಕೂ ಮಳೆಗೂ ಸಂಬಂಧವಿಲ್ಲ. ಇವತ್ತಿನ ಹತ್ತು ಗಂಟೆಯನ್ನು ನಿನ್ನೆಯ ಹತ್ತು ಗಂಟೆಗೆ ಹೋಲಿಸಬೇಕು. ಹಾಗೆ ಹೋಲಿಸಿದಾಗ ಎರಡು ದಿನ ಸತತವಾಗಿ ಮುಳ್ಳು ಏರುತ್ತಲೇ ಹೋಯಿತು. ನಾನು ತಿಮ್ಮಪ್ಪನಿಗೆ ಫೋನು ಮಾಡಬೇಕೋ ಬೇಡವೋ ಎಂದು ನನ್ನೊಡನೆ ನಾನೇ ಚರ್ಚಿಸುತ್ತ ಕೂತಿರುವಾಗಲೇ ಮೂರನೆಯ ದಿನ ಜಡಿಮಳೆ ಹಿಡಿಯಿತು. ತಿಮ್ಮಪ್ಪ ಭತ್ತ ಮುಚ್ಚಿರಲಿಲ್ಲ. ಮುಚ್ಚುವುದು ಮೂಢನಂಬಿಕೆ ಎಂದು ಅವನನ್ನು ಒಪ್ಪಿಸಿದವಳು ನಾನೇ.

ನಾನು ಒಂದು ತಿಂಗಳಲ್ಲಿ ಕಂಡುಕೊಂಡದ್ದು, ಆ ಗಡಿಯಾರಗಳ ಜೊತೆಗೇ ಜೀವ ಸವೆಸಿದವನಿಗೆ ಗೊತ್ತಿರಲಿಲ್ಲವೇ? ಮಳೆ ನಿಂತ ಮರುದಿನ ಬಳಗಾನೂರಿಗೆ ಹೋದೆ. ಕಾಕಾ ಇಸ್ತ್ರಿಯಿಲ್ಲದ ಅಂಗಿಯಲ್ಲಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ನಾನು ಚಿಕ್ಕವಳಿದ್ದಾಗ ಅವನು ರಜೆಗೆ ಊರಿಗೆ ಬಂದರೆ ಇದೇ ಕಟ್ಟೆಯ ಮೇಲೆ ನನ್ನನ್ನು ವಾದಕ್ಕೆ ಎಳೆಯುತ್ತಿದ್ದ. ಸೂರ್ಯ ದೊಡ್ಡವನೋ ಚಂದ್ರ ದೊಡ್ಡವನೋ, ಎಮ್ಮೆ ಜಾಣೆಯೋ ಆಕಳು ಜಾಣೆಯೋ. ತಾನೇ ಬೇಕೆಂದು ಸೋಲುವ ಪಕ್ಷ ಹಿಡಿಯುತ್ತಿದ್ದ. ಕೊನೆಗೆ ಕೈ ಮುಗಿದು, "ಸೋತೆವ್ವಾ ತಾಯಿ" ಎಂದಾಗ ನಾನು ಕುಣಿದು ಊರಿಗೆಲ್ಲ ಸಾರುತ್ತಿದ್ದೆ. ವೇದಿಕೆ ಹತ್ತುವ ಧೈರ್ಯ ನನಗೆ ಬಂದದ್ದೇ ಅಲ್ಲಿಂದ.

"ಕಾಕಾ, ಬೆಳಗಿಂದು ಬೆಳಗಿಗೆ ಹೋಲಿಸಬೇಕು ಅಂತ ಅವತ್ತ ನಿನಗ ಗೊತ್ತಿತ್ತಲ್ಲ? ಒಂದು ಮಾತು ಹೇಳಿದ್ರ ನಾ ಸೋಲ್ತಿದ್ದೆ. ಯಾಕ ಹೇಳಲಿಲ್ಲ?"

ಅವನು ಒಂದು ಹಿಡಿ ಶೇಂಗಾ ನನ್ನ ಕೈಗೆ ಸುರಿದ. "ತಿನ್ನು. ಹಸಿ ಅದಾವ, ಸಿಹಿ ಅದಾವ."

"ಮಾತು ಹಾರಿಸಬ್ಯಾಡ. ಸಣ್ಣಾಕಿದ್ದಾಗ ಈ ಕಟ್ಟಿ ಮ್ಯಾಲ ಅಷ್ಟು ಸಲ ಗೆದ್ದೆನಲ್ಲ, ಅದರಾಗ ಒಂದರ ಖರೇನ ನಾ ಗೆದ್ದದ್ದು ಐತೇನು, ಕಾಕಾ?"