ಪದಸೂಚಿಯಲ್ಲಿ ಮೊದಲ ಪಂಕ್ತಿ

ಪುಸ್ತಕದ ಹಿಂಬದಿಯಲ್ಲಿ ಪದಸೂಚಿ ಎಂಬುದೊಂದು ಇರುತ್ತದೆ. ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಹೇಳುವುದು ಅದರ ಕೆಲಸ. ಅದನ್ನು ಯಾರೂ ಓದುವುದಿಲ್ಲ. ಯಾರೂ ಓದದ ವಸ್ತುವಿಗಾಗಿ ಹೊಡೆದಾಟವಾಗಬಹುದೆಂದು ಮುನಿರಾಜು ಆ ಗುರುವಾರದವರೆಗೆ ತಿಳಿದಿರಲಿಲ್ಲ.

ಪೀಣ್ಯದಲ್ಲಿ ನಲ್ಲಪ್ಪನವರ ಕಟ್ಟಡದ ಮೂರನೆಯ ಮಹಡಿಯಲ್ಲಿ ಅವನ ಕಂಪನಿ. ಕೆಳಗೆ ಲೇತ್ ಯಂತ್ರಗಳ ಕಿರುಚಾಟ, ಮೇಲೆ ಸಾಫ್ಟ್‌ವೇರಿನವರ ಪಿಸುಮಾತು. ಕಾರ್ಖಾನೆಗಳ ಪ್ರೆಸ್ ಯಂತ್ರ ನಡೆಸುವ, ಹಾಜರಿ ಹಿಡಿಯುವ, ಲೆಕ್ಕ ಇಡುವ ಸಾಫ್ಟ್‌ವೇರ್ ಒಂದನ್ನು ಅಲ್ಲಿ ಮಾಡಿದ್ದರು. ಅದರ ಕನ್ನಡ ಕೈಪಿಡಿ ಬರೆದವನು ಮುನಿರಾಜು. ಅದನ್ನು ಕೊಳ್ಳಲಿದ್ದ ಬೊಮ್ಮನಹಳ್ಳಿಯ ಕಾರ್ಖಾನೆಯ ಸೇಫ್ಟಿ ಸೂಪರ್‌ವೈಸರ್ ಅಂಜನಮ್ಮ ಸಂಜೆ ಬಂದು ಕೈಪಿಡಿ ನೋಡಿ ಒಪ್ಪಬೇಕಿತ್ತು. ಪದಸೂಚಿ ಇಲ್ಲದ ಪುಸ್ತಕವನ್ನು ಮುಟ್ಟುವುದಿಲ್ಲ ಎಂದು ಆಕೆ ಮೊದಲೇ ಹೇಳಿ ಕಳಿಸಿದ್ದರು.

"ಸಂಜೆಯೊಳಗೆ ಇಂಡೆಕ್ಸ್ ಮುಗಿಸ್ಬಿಡು ಗುರು," ಎಂದ ಮ್ಯಾನೇಜರ್ ರಾಜೇಂದ್ರ. "ಆ ಯಮ್ಮ ಓಕೆ ಅಂದ್ರೆ ನಾಳೆ ನಿನ್ ರಜ ಗ್ಯಾರಂಟಿ."

ನಾಳೆ ಅಮಾವಾಸ್ಯೆ. ಮುನಿರಾಜುವಿನ ತಂದೆಯ ವರ್ಷದ ತಿಥಿ. ದಾಸರಹಳ್ಳಿಯ ಮನೆಯಲ್ಲಿ ಅವನೇ ನಿಂತು ಎಡೆ ಇಡಬೇಕು, ಇನ್ನೊಬ್ಬ ಮಗನಿಲ್ಲ. ತಂದೆ ಇದೇ ಪೀಣ್ಯದಲ್ಲಿ ಪ್ರೆಸ್ ಯಂತ್ರಕ್ಕೆ ಎಡಗೈಯ ಎರಡು ಬೆರಳು ಕೊಟ್ಟವರು. ಉಳಿದ ಬೆರಳುಗಳಲ್ಲೇ ಜಪ ಎಣಿಸಿ, ಮಗನನ್ನು ಓದಿಸಿ, ಯಾರನ್ನೂ ದೂರದೆ ಹೋಗಿಬಿಟ್ಟರು. ಸತ್ತವರಿಗೆ ನಾವು ಕೊಡಬಹುದಾದದ್ದು ವರ್ಷಕ್ಕೊಂದು ಎಲೆ. ಅದನ್ನು ಹಾಸಲೂ ಮ್ಯಾನೇಜರನ ಅಪ್ಪಣೆ ಬೇಕಾದ ಕಾಲ ಇದು.

ಮುನಿರಾಜು ದೇವರನ್ನು ನೆನೆದು ಕುಳಿತ. ಪದಗಳನ್ನು ಅಕಾರಾದಿಯಾಗಿ ಜೋಡಿಸಿದ. ಮೊದಲು 'ಅಪಘಾತ', ಕೊನೆಗೆ 'ಹಾಜರಿ'. ನಡುವೆ, ಕೈ ಸಿಕ್ಕಿಕೊಂಡಾಗ ಯಂತ್ರವನ್ನು ಥಟ್ಟನೆ ನಿಲ್ಲಿಸುವ 'ತುರ್ತು ನಿಲುಗಡೆ'ಯನ್ನು ಮಾತ್ರ ದಪ್ಪ ಅಕ್ಷರದಲ್ಲಿಟ್ಟ. ತಂದೆಯ ಕಾಲದಲ್ಲಿ ಆ ಗುಂಡಿ ಇದ್ದಿದ್ದರೆ ಎಂದುಕೊಳ್ಳುತ್ತಲೇ ಕಾಫಿಯ ಹೊತ್ತಿಗೆ ಎಲ್ಲ ಮುಗಿಸಿ ರಾಜೇಂದ್ರನ ಮುಂದಿಟ್ಟ.

ರಾಜೇಂದ್ರ ಹಾವು ಮುಟ್ಟಿದವನಂತೆ ಕೈ ಎಳೆದುಕೊಂಡ.

"ಏನೋ ಇದು? ಬಾಯ್ಬಿಟ್ಟ ತಕ್ಷಣ ಅಪಘಾತ ಅಂತಿದೆ! ಯಾವನಾದ್ರೂ ಶುಭಕಾರ್ಯ ಹಿಂಗೆ ಶುರು ಮಾಡ್ತಾನಾ?"

"ಸಾರ್, ಅಕ್ಷರ ಕ್ರಮ. ಅ ಮೊದ್ಲು ಬರುತ್ತೆ."

"ಬಂದ್ರೆ ಬರ್ಲಿ, ಹಿಂದಕ್ಕೆ ಕಳ್ಸು. ಮೊದ್ಲು ನನ್ ಸೆಕ್ಷನ್ ಹಾಕು. ಯಂತ್ರ ಚಾಲನೆ. ಎಷ್ಟು ಲಕ್ಷಣವಾಗಿದೆ!"

ಈ ಮಾತು ಪಕ್ಕದ ಮೇಜಿಗೆ ಕೇಳಿಸಿತು. ಹಾಜರಿ ವಿಭಾಗದ ಶ್ಯಾಮಲಾ ಎದ್ದು ಬಂದು ಸೂಚಿಯನ್ನು ಲಗ್ನಪತ್ರಿಕೆ ನೋಡುವಂತೆ ನೋಡಿದಳು. ನಮ್ಮಲ್ಲಿ ಲಗ್ನಪತ್ರಿಕೆಯನ್ನು ಓದುವ ಕ್ರಮವೇ ಬೇರೆ. ಯಾರ ಮದುವೆ ಎಂದು ಯಾರೂ ನೋಡುವುದಿಲ್ಲ. ತನ್ನ ಹೆಸರು ಯಾರ ಕೆಳಗಿದೆ ಎಂದು ನೋಡುತ್ತಾರೆ.

"ನನ್ ಹಾಜರಿ ಕೊನೇಲಾ? ಎಂಟು ವರ್ಷ ದುಡಿದವಳಿಗೆ ಕೊನೇ ಪಂಕ್ತಿ, ತಣ್ಣಗಾದ ಸಾರು! ನಾನೇನು ಪಾತ್ರೆ ತೊಳೆಯೋಕ್ ಬಂದಿದ್ದೀನೇನ್ರೀ?"

"ಹ ಅಕ್ಷರ ಕೊನೇಲಿ ಬರುತ್ತೆ ಮೇಡಂ, ನಾನೇನ್ ಮಾಡ್ಲಿ?"

"ಬರೋದನ್ನ ಬರದ ಹಾಗೆ ಮಾಡೋಕೇ ನಿಮಗೆ ಸಂಬಳ."

ಅಷ್ಟರಲ್ಲಿ ಲೆಕ್ಕದ ವಿಭಾಗದ ಮುರಿಗೆಪ್ಪ ಕನ್ನಡಕ ಏರಿಸಿಕೊಂಡು ಬಂದರು. ಧಾರವಾಡದ ಕಡೆಯವರು, ವಯಸ್ಸಿನಲ್ಲಿ ಎಲ್ಲರಿಗೂ ಹಿರಿಯರು.

"ನೋಡ್ರೀಪಾ, ಜಗಳ ಬ್ಯಾಡ. ವಯಸ್ಸಿನ ಪ್ರಕಾರ ಹಾಕ್ರಿ. ನಾ ಹಿರ್‍ಯಾ ಇದ್ದೀನಿ, ಲೆಕ್ಕ ಮೊದಲ ಬರಲಿ. ನ್ಯಾಯ ಅಂದ್ರ ನ್ಯಾಯ."

ಹೀಗೆ ನ್ಯಾಯ ತೀರ್ಮಾನವಾಗುವ ಹೊತ್ತಿಗೆ ಊಟದ ವೇಳೆ ಮೀರಿತು. ಒಪ್ಪಂದವೆಂದರೆ, ರಾಜೇಂದ್ರ ಹುದ್ದೆಯಿಂದ ಮೊದಲು, ಮುರಿಗೆಪ್ಪ ವಯಸ್ಸಿನಿಂದ ಎರಡನೆಯವರು, ಶ್ಯಾಮಲಾ ಗಂಟಲಿನಿಂದ ಮೂರನೆಯವಳು.

"ತುರ್ತು ನಿಲುಗಡೆ ಎಲ್ಲಿ ಹಾಕ್ಲಿ ಸಾರ್?" ಎಂದ ಮುನಿರಾಜು.

"ಅದು ಯಾರ ಸೆಕ್ಷನ್ನು?"

"ಯಾರದ್ದೂ ಅಲ್ಲ ಸಾರ್. ಮಷೀನಲ್ಲಿ ಕೈ ಸಿಕ್ಕಿಕೊಂಡವನದ್ದು."

"ಹಂಗಾದ್ರೆ ಕೊನೇಲಿ ಹಾಕು. ಅವನು ಬಂದು ಕೇಳಲ್ಲ."

"ಮೊದ್ಲು ಹಾಕೋಣ ಸಾರ್. ನಮ್ಮಪ್ಪನ ಬೆರಳು..."

"ನಿಮ್ಮಪ್ಪ ಯಾವ ಡಿಪಾರ್ಟ್‌ಮೆಂಟು?"

ಮುನಿರಾಜು ತುರ್ತು ನಿಲುಗಡೆಯ ಸಾಲನ್ನು ಎತ್ತಿದ. ಅದನ್ನು ಎಲ್ಲಕ್ಕಿಂತ ಕೆಳಗಿಟ್ಟ.

ಕೆಲಸ ಇನ್ನೇನು ಮುಗಿಯಿತು ಎನ್ನುವಾಗ ಕಟ್ಟಡದ ಮಾಲೀಕರು ನಲ್ಲಪ್ಪನವರು ನೀರಿನ ಮೋಟರಿನ ದೂರು ಹೇಳಲು ಮೇಲೆ ಬಂದರು. ಹಿಂದೆ ಈ ಜಾಗದಲ್ಲಿ ರಾಗಿ ಬೆಳೆದಿದ್ದವರು. ಈಗ ಬಾಡಿಗೆ ಬೆಳೆಯುತ್ತಾರೆ. ಬೀದಿಯ ಯಾವ ಫ್ಲೆಕ್ಸ್ ಬೋರ್ಡಿನಲ್ಲೂ ಅವರ ಮುಖ ಕುಂಬಳಕಾಯಿಯಷ್ಟು ದೊಡ್ಡದಾಗಿರಬೇಕು, ಸತ್ತವರ ಶ್ರದ್ಧಾಂಜಲಿಯ ಬೋರ್ಡಾದರೂ ಸರಿಯೆ.

"ಏನ್ಲಾ ಎಲ್ರೂ ಒಂದ್ ಕಾಗ್ದ ಇಡ್ಕೊಂಡ್ ಕಿತ್ತಾಡ್ತಿದೀರಿ?" ಎಂದು ಇಣುಕಿ ನೋಡಿದರು. "ಎಲ್ರ ಹೆಸ್ರೂ ಆಕವ್ರೆ. ನನ್ದೆಲ್ಲಿ?"

"ಅಣ್ಣಾ, ಇದು ಹೆಸರಿನ ಪಟ್ಟಿ ಅಲ್ಲ..."

"ಅಂಗಾ? ಸರಿ ಬುಡು. ಜನರೇಟ್ರು ನನ್ದು. ಇವತ್ತು ರಿಪೇರಿ ಐತೆ, ಓಗಿ ಆಫ್ ಮಾಡ್ತೀನಿ."

ಕರೆಂಟು ಬೆಳಗಿನಿಂದಲೂ ಇರಲಿಲ್ಲ. ರಾಜೇಂದ್ರ ಓಡಿಹೋಗಿ ನಲ್ಲಪ್ಪನವರ ಕೈ ಹಿಡಿದ. ಸೂಚಿಯಲ್ಲಿ ಅವರ ಹೆಸರು ಸೇರಿತು. ಆದರೆ ಹೆಸರು ಸೇರಿದರೆ ಪುಟ ಬೇಕಲ್ಲ? ಕೈಪಿಡಿಯ ಮೊದಲಲ್ಲೇ ಒಂದು ಹೊಸ ಪುಟ ತೂರಿಸಿ, ಅದರಲ್ಲಿ ನಲ್ಲಪ್ಪನವರು ಕೈ ಮುಗಿದು ನಿಂತಿರುವ ಚಿತ್ರ ಹಾಕಲಾಯಿತು.

ಒಂದು ಪುಟ ಸೇರಿದ್ದಕ್ಕೆ ಉಳಿದ ಪುಟಗಳೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದವು. ಸೂಚಿಯ ಸಂಖ್ಯೆಗಳೆಲ್ಲ ತಪ್ಪಾದವು. ಇದನ್ನು ತಾನೇ ತಿದ್ದಿಕೊಳ್ಳುವ ಪ್ರೋಗ್ರಾಮು ಲೋಕದಲ್ಲಿದೆ. ಆದರೆ ಊರಿಗೆಲ್ಲ ಸಾಫ್ಟ್‌ವೇರ್ ಮಾರುವ ಆ ಕಂಪನಿ ತಾನು ಮಾತ್ರ ಯಾವುದನ್ನೂ ಕೊಂಡಿರಲಿಲ್ಲ. ಹೊತ್ತು ಇಳಿಯುತ್ತಿತ್ತು. ಮುನಿರಾಜು ಒಂದೇ ಒಂದು ಸಂಖ್ಯೆಯನ್ನು ತಿದ್ದಿದ, ತುರ್ತು ನಿಲುಗಡೆಯದನ್ನು. ಅಷ್ಟರಲ್ಲಿ ಅಂಜನಮ್ಮನ ಆಟೋ ಕೆಳಗೆ ನಿಂತಿತು. ಗಡಿಬಿಡಿಯಲ್ಲಿ ಮುದ್ರಿಸಿ ನೋಡಿದರೆ, ನಲ್ಲಪ್ಪನವರಿಗೆ ಜಾಗ ಕೊಟ್ಟು ಸೂಚಿ ಒಂದು ಸಾಲು ಉಕ್ಕಿ ಹೋಗಿದೆ. ಕೊನೆಯ ಸಾಲು ಪುಸ್ತಕದ ಕಟ್ಟಕಡೆಯ ಖಾಲಿ ಪುಟಕ್ಕೆ ಜಾರಿ, ಊರಾಚೆಗೆ ಹಾಕಿದವರ ಹಾಗೆ ಒಂಟಿಯಾಗಿ ನಿಂತಿದೆ.

ನಾಳೆಯ ಎಲೆ, ತಂದೆಯ ಫೋಟೊ, ಅಮ್ಮನ ಮುಖ ಎಲ್ಲ ಮುನಿರಾಜುವಿನ ಕಣ್ಣ ಮುಂದೆ ಬಂದವು.

ಅಂಜನಮ್ಮ ಕುಳಿತರು. ನೀರನ್ನೂ ಕುಡಿಯಲಿಲ್ಲ. ಪುಸ್ತಕವನ್ನು ಬೋರಲು ಹಾಕಿ ಹಿಂದಿನ ರಟ್ಟು ತೆರೆದರು. ಅಲ್ಲಿ ಇಡೀ ಬಿಳಿ ಹಾಳೆಯಲ್ಲಿ ದಪ್ಪ ಅಕ್ಷರದ ಒಂದೇ ಸಾಲು, 'ತುರ್ತು ನಿಲುಗಡೆ'. ಸಂಖ್ಯೆ ನೋಡಿದರು. ಪುಟ ತಿರುಗಿಸಿದರು. ಸರಿಯಾಗಿತ್ತು.

"ಯಾರ್ ಸಾರ್ ಇದನ್ನ ಹಿಂಗ್ ಮಾಡಿದ್ದು?"

ರಾಜೇಂದ್ರ, ಮುರಿಗೆಪ್ಪ, ಶ್ಯಾಮಲಾ ಮೂವರೂ ಒಟ್ಟಿಗೆ ಮುನಿರಾಜುವಿನ ಕಡೆ ಬೆರಳು ತೋರಿಸಿದರು.

"ಇಷ್ಟ್ ವರ್ಷದಲ್ಲಿ ಬುದ್ಧಿ ಇರೋ ಒಂದು ಪುಸ್ತಕ ನೋಡ್ದೆ ಕಣ್ರೀ!" ಎಂದರು ಅಂಜನಮ್ಮ. "ಪಕ್ಕದವನ ಕೈ ಮಷೀನಲ್ಲಿ ಸಿಕ್ಕಿರೋವಾಗ, ಎಣ್ಣೆ ಕೈಲಿ ಅಕ್ಷರ ಹುಡುಕ್ಕೊಂಡು ಕೂರ್ತಾರಾ? ಎಲ್ರೂ ಅದನ್ನ ಒಳಗೆಲ್ಲೋ ಹೂತಾಕಿರ್ತಾರೆ. ಇದು ಹಂಗಲ್ಲ, ಬೆನ್ನು ತಿರುಗಿಸಿದ್ರೆ ಸಾಕು, ಅದೊಂದೇ!"

ಬೆರಳುಗಳು ಮೆಲ್ಲಗೆ ಮಡಚಿಕೊಂಡವು. ರಾಜೇಂದ್ರ ಕೆಮ್ಮಿದ.

"ಕೊನೇಲೇ ಹಾಕು ಅಂತ ಹೇಳಿದ್ದು ನಾನೇ ಮೇಡಂ. ಬೇಕಾದ್ರೆ ಅವನನ್ನೇ ಕೇಳಿ."

ಅದು ನಿಜವೇ ಆಗಿತ್ತು. ಮುನಿರಾಜು ತಲೆಯಾಡಿಸಿದ.

"ನಾಳೆ ಅಮಾಸೆ, ನಮ್ಮಲ್ಲಿ ಮಷೀನ್ ಪೂಜೆ," ಎಂದರು ಅಂಜನಮ್ಮ ಏಳುತ್ತಾ. "ಈ ಪುಸ್ತಕನೂ ಪೂಜೇಲಿಟ್ಟು, ಮಾಡಿದವ್ರಿಗೆ ಒಂದು ಹಾರ ಹಾಕ್ತೀವಿ. ಬೆಳಿಗ್ಗೇನೇ ಕಳ್ಸಿ. ಮಿಕ್ಕಿದ್ ಮಷೀನ್ ಪುಸ್ತಕಗಳ್ನೂ ಇವರು ಹಿಂಗೇ ಮಾಡ್ಕೊಡ್ಲಿ."

"ಖಂಡಿತಾ ಮೇಡಂ. ನಾನೇ ಬರ್ತಿದ್ದೆ, ನಾಳೆ ನಾನು ರಜ," ಎಂದ ರಾಜೇಂದ್ರ. "ಮುನಿರಾಜು ಬರ್ತಾನೆ."

"ಸಾರ್, ನನ್ ರಜ..." ಎಂದ ಮುನಿರಾಜು, ಅಂಜನಮ್ಮ ಮೆಟ್ಟಿಲಿಳಿದ ಮೇಲೆ.

"ಆ ಯಮ್ಮ ಓಕೆ ಅಂದ್ರೆ ಅಂತ ಹೇಳಿದ್ದೆ ಮಗಾ. ಓಕೆ ಅಂದ್ರಾ? ನಿನ್ನೇ ಬೇಕು ಅಂದ್ರು. ಎಲ್ಲಾದ್ರೂ ಉಂಟಾ ಇಂಥ ಭಾಗ್ಯ!"

ಪೀಣ್ಯದಿಂದ ಬೊಮ್ಮನಹಳ್ಳಿ ಎಂದರೆ ಊರಿನ ಈ ತುದಿಯಿಂದ ಆ ತುದಿ. ಬೆಳಿಗ್ಗೆ ಹೊರಟರೆ ಎಡೆಯ ಹೊತ್ತಿಗೆ ಹಿಂದಿರುಗುವ ಮಾತೇ ಇಲ್ಲ. ಮುನಿರಾಜು ಮೆಟ್ಟಿಲ ಬಳಿ ನಿಂತು ಮನೆಗೆ ಫೋನು ಮಾಡಿದ.

"ಬಂದ್ಯಾ?" ಎಂದಳು ತಾಯಿ. "ಅಪ್ಪನ ಫೋಟೋಗೆ ಸುಗಂಧರಾಜದ ಹಾರ ಏಳಿವ್ನಿ. ಬರ್ತಾ ಬಾಳೆ ಎಲೆ ತತ್ತಾ."

"ಅಮ್ಮಾ, ನಾಳೆ ನಾನು ಇರಕ್ಕಾಗಲ್ಲ. ಫ್ಯಾಕ್ಟರೀಲಿ ನಂಗೂ ಒಂದು ಹಾರ ಹಾಕ್ತಾರಂತೆ."

"ಥೂ! ತಿಥಿ ದಿವ್ಸ ಎಂಥಾ ಮಾತೋ! ಬಿಡ್ತು ಅನ್ನೋ!"

"ಬಿಡ್ತು," ಎಂದ ಮುನಿರಾಜು. ಆಮೇಲೆ ಫೋನನ್ನು ಜೇಬಿಗಿಟ್ಟು, ಬೊಮ್ಮನಹಳ್ಳಿಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಸ್ಸಿದೆ ಎಂದು ಕೇಳಲು ಒಳಗೆ ಹೋದ.