ತೋಳಜೇಡವೂ ಐದನೆಯ ಗುಂಡಿಯೂ

ಮುತ್ತಿನ ಗುಂಡಿ ಬೆರಳಿನಿಂದ ಜಾರಿ ಹುಲ್ಲಿಗೆ ಬಿದ್ದಾಗ ದರ್ಜಿ ಆಕಳಿಸುತ್ತಿದ್ದ. ಬಾಯಿ ಮುಚ್ಚುವಷ್ಟರಲ್ಲಿ ಗುಂಡಿ ಮಾಯ.

ಅಂಗಡಿಯೊಳಗೆ ಬೆಳಕು ಸಾಲದೆಂದು ಹಿತ್ತಲ ಹುಲ್ಲಿನ ಮೇಲೆ ಕುಳಿತದ್ದೇ ತಪ್ಪಾಯಿತು. ಕೋಟು ಡಾಕ್ಟರಮ್ಮನದು. ಗುಂಡಿಗಳು ಅವರ ತಾಯಿ ಬಿಟ್ಟುಹೋದವು. ಐದೇ ಐದು, ಕೊತ್ತಂಬರಿ ಬೀಜದ ಗಾತ್ರ, ಹುಡುಕಿದರೂ ಜೋಡಿ ಸಿಗದಂಥವು. ಕೋಟು ಮನಸ್ಸಿಗೆ ಬಂದರೆ ಆಸ್ಪತ್ರೆಯ ಸಮವಸ್ತ್ರಗಳನ್ನೆಲ್ಲ ಹೊಲಿಯಲು ಇವನಿಗೇ ಕೊಡುವುದಾಗಿ ಮಾತಾಗಿತ್ತು. ಸಂಜೆ ಅವರು ಬರುವವರಿದ್ದರು.

“ಮಂಗನ ಕೈಗೆ ಮಾಣಿಕ್ಯ ಕೊಟ್ಟಂಗಾಯ್ತು!” ಎಂದಳು ಹೆಂಡತಿ, ಪೊರಕೆಯನ್ನು ಅವನತ್ತಲೇ ತೋರಿಸಿ.

ದರ್ಜಿ ಬೋರಲಾಗಿ ಮಲಗಿ ಹುಲ್ಲು ಜಾಲಾಡಿದ. ಆಗ ಅವನ ಮೂಗಿನ ಮುಂದೆಯೇ ಕಂದು ಬಣ್ಣದ ಪಟ್ಟೆ ಜೇಡವೊಂದು, ಆಫೀಸಿಗೆ ತಡವಾದ ಗುಮಾಸ್ತೆಯಂತೆ ದಡಬಡ ಓಡಿತು. ಹಿಂಬದಿಗೆ ದುಂಡಗಿನ ಬಿಳಿ ಮಣಿ!

“ಸಿಕ್ಕಿಬಿದ್ದಳು ಕಳ್ಳಿ!” ಎಂದು ಪಕ್ಕದಲ್ಲಿದ್ದ ಚಹಾ ಲೋಟವನ್ನು ಅದರ ಮೇಲೆ ಕವುಚಿದ. ಲೋಟದಂಚು ತುಸು ಎತ್ತಿ ಚಿಮಟದಿಂದ ಮಣಿ ಎಳೆದರೆ ಜೇಡ ಬಿಡಲೊಲ್ಲದು. ಕೊನೆಗೆ ಕೈಗೆ ಬಂದದ್ದು ಮೆತ್ತಗಿತ್ತು.

ಬೇಲಿಯಾಚೆಯಿಂದ ಪಕ್ಕದ ಮನೆಯ ವಿಜ್ಞಾನದ ಮೇಷ್ಟ್ರ ತಲೆ ಮೂಡಿತು. ಅವರು ನಿವೃತ್ತರಾಗಿದ್ದರೇ ಹೊರತು ಅವರ ಪಾಠ ನಿವೃತ್ತವಾಗಿರಲಿಲ್ಲ.

“ಅಯ್ಯೋ ಮಾರಾಯ, ಅದು ಗುಂಡಿಯಲ್ಲ, ಬಸಿರು! ಇದು ತೋಳಜೇಡ. ಬಲೆ ಕಟ್ಟಿ ಕಾಯೋ ಜಾತಿಯಲ್ಲ, ತೋಳದ ಹಾಗೆ ನುಗ್ಗಿ ಬೇಟೆ ಹಿಡಿಯುತ್ತೆ. ಮೊಟ್ಟೆಗಳನ್ನ ರೇಷ್ಮೆ ಚೀಲದಲ್ಲಿಟ್ಟು, ಹೊಲಿದು, ಹಿಂದೆ ಕಟ್ಕೊಂಡೇ ತಿರುಗ್ತಾಳೆ.”

“ಹೊಲೀತಾಳಾ?” ದರ್ಜಿ ಗುಂಡಿಯನ್ನು ಮರೆತು ಚೀಲವನ್ನು ಬಿಸಿಲಿಗೆ ಹಿಡಿದ. ನಡುವೆ ಕೂದಲೆಳೆಯಂಥ ಹೊಲಿಗೆಯ ಗೆರೆ. “ಇಂಥ ಜೋಡಣೆ ನನ್ನ ಮಿಷಿನ್ನಿಗೂ ಬರಲ್ಲ ಮೇಷ್ಟ್ರೇ! ಕಣ್ಣು ಚುರುಕಿರಬೇಕು.”

“ಎಂಟಿವೆ.”

“ಅದಕ್ಕೇ! ನನಗಿರೋದು ಎರಡು, ಅವಕ್ಕೂ ಕನ್ನಡಕ.”

“ಮರಿಗಳು ಹೊರಗೆ ಬಂದ್ಮೇಲೆ ಅಮ್ಮನ ಬೆನ್ನ ಮೇಲೇ ಸವಾರಿ. ಇನ್ನೊಂದು ಸೋಜಿಗ ಕೇಳು, ಚೀಲ ಏನಾದ್ರೂ ಕಳೆದುಹೋದ್ರೆ…”

“ಸಾಕು, ಹೇಳಬೇಡಿ! ತಾಯಿ ಹೊಟ್ಟೆ ಉರಿಸಿಬಿಟ್ಟೆ.”

ದರ್ಜಿ ಲೋಟ ಎತ್ತಿದ. ಜೇಡ ಹುಚ್ಚು ಹಿಡಿದಂತೆ ಸುತ್ತಿ ಹುಲ್ಲಿನೊಳಗೆ ಕಣ್ಮರೆಯಾಯಿತು. ಅವನು ಚೀಲವನ್ನು ಮಿಷಿನ್ನಿನ ದಾರ ಸುತ್ತುವ ಬಾಬಿನ್‌ಗಳ ಡಬ್ಬಿಯ ಮುಚ್ಚಳದಲ್ಲಿಟ್ಟು ಅಲ್ಲೇ ಬಿಟ್ಟು, “ಬಾಣಂತಿ ಮುಂದೆ ಗಂಡಸರಿಗೇನು ಕೆಲಸ?” ಎಂದು ಮೇಷ್ಟ್ರನ್ನೂ ಬೇಲಿಯಿಂದ ದೂರ ಕಳಿಸಿದ.

ಬಿಸಿಲು ಇಳಿಯುವ ಹೊತ್ತಿಗೆ ಜೇಡ ಮತ್ತೆ ಕಂಡಿತು. ಹಿಂಬದಿಯಲ್ಲಿ ಬಿಳಿ ಮಣಿ ಫಳಫಳ.

“ರೀ, ಮುತ್ತು! ಹಿಡೀರಿ!” ಹೆಂಡತಿ ಪೊರಕೆ ಎತ್ತಿದಳು.

ದರ್ಜಿ ಅಡ್ಡ ನಿಂತ. “ತಿಳಿಯದೆ ಕೂಗಬೇಡ ಕಣೇ. ಅದು ಮೊಟ್ಟೆ ಚೀಲ. ಹೊಲಿಗೆ ನಾನೇ ಕಣ್ಣಾರೆ ನೋಡಿದೀನಿ.” ದಾರಿಗಡ್ಡವಾದ ಹುಲ್ಲನ್ನು ತಾನೇ ಸರಿಸಿಕೊಟ್ಟ. ಜೇಡ ಗೋಡೆಯಡಿಯ ಬಿರುಕಿಗೆ ನುಸುಳಿತು. ತನಗಲ್ಲದಿದ್ದರೂ ಆ ತಾಯಿಗಾದರೂ ಕಳೆದದ್ದು ಸಿಕ್ಕಿತಲ್ಲ ಎಂದು ಅವನು ಬಿರುಕಿನತ್ತ ಕೈ ಮುಗಿದ.

“ಪಂಡಿತರೇ,” ಎಂದಳು ಹೆಂಡತಿ, “ಈ ಮುಚ್ಚಳ ಯಾಕೆ ಹುಲ್ಲಲ್ಲಿ ಬಿಸಾಕಿದ್ರಿ? ಗುಡಿಸುವಾಗ ತುಳಿದೇನು ಅಂತ ಆಗಲೇ ಎತ್ತಿಟ್ಟೆ. ಒಳಗಿರೋ ಹತ್ತಿ ಉಂಡೆ ಬೇಕಾ?”

ದರ್ಜಿ ನೋಡಿದ. ಕೂದಲೆಳೆಯಂಥ ಹೊಲಿಗೆಯ ಗೆರೆ. ಬೇಲಿಯಾಚೆ ಮತ್ತೆ ಮೂಡಿದ್ದ ಮೇಷ್ಟ್ರ ತಲೆಯತ್ತ ಮೆಲ್ಲಗೆ ತಿರುಗಿದ.

“ಮೇಷ್ಟ್ರೇ… ಆಗ ಏನೋ ಸೋಜಿಗ ಅಂದ್ರಲ್ಲ?”

“ಅದೇ ಕಣಯ್ಯ, ಚೀಲ ಕಳೆದ್ರೆ ಆ ತಾಯಿ ದುಂಡಗಿರೋ ಅಷ್ಟೇ ಗಾತ್ರದ್ದು ಏನು ಸಿಕ್ರೂ ತನ್ನದೇ ಅಂತ ಕಟ್ಕೊಂಡು ಹೋಗ್ತಾಳೆ. ಪಾಠ ಮುಗಿಸೋಕೆ ನೀನೆಲ್ಲಿ ಬಿಟ್ಟೆ?”

ದರ್ಜಿ ಬಿರುಕಿನ ಮುಂದೆ ಉದ್ದಕ್ಕೆ ಮಲಗಿ ಮುಚ್ಚಳ ಚಾಚಿದ. “ತಾಯೀ, ನಿನ್ನದು ತಗೋ, ನನ್ನದು ಕೊಡು.” ಒಳಗೆ ಕಣ್ಣುಗಳು ಮಿನುಗಿದವು. ವ್ಯಾಪಾರ ಕುದುರಲಿಲ್ಲ.

ಅಷ್ಟರಲ್ಲಿ ಬೆನ್ನ ಹಿಂದೆ ಡಾಕ್ಟರಮ್ಮನ ದನಿ: “ಏನಪ್ಪಾ, ಐದನೇ ಗುಂಡಿ ಹೊಲಿದಾಯ್ತಾ?”

“ಕಟ್ಟಿದ್ದಾಗಿದೆ ಅಮ್ಮಾ,” ಎಂದ ದರ್ಜಿ, ನೆಲದಿಂದ ಮುಖವೆತ್ತದೆ. “ಬೇರೆ ಗಿರಾಕಿಗೆ.”