ಚಂದ್ರನ ಪಾಠಕ್ಕೆ ಆರು ನಿಮಿಷ

ಹಳದಿ ವ್ಯಾನು ಸಗರದ ಓಣಿಯಲ್ಲಿ ಹಾರ್ನ್ ಹೊಡೆದಾಗಲೆಲ್ಲ ತಿರುಪತಿ ಕುಡಿಯುತ್ತಿದ್ದ ಚಹಾ ನೆತ್ತಿಗೇರುತ್ತಿತ್ತು. ಆ ವ್ಯಾನು ಶಹಾಪುರದ ಒಂದು ಕಾನ್ವೆಂಟಿನದು. ಅದರ ಬೆನ್ನ ಮೇಲೆ ‘ಡಿಜಿಟಲ್ ಕ್ಲಾಸ್’ ಎಂದು ಬರೆದು, ಪಕ್ಕದಲ್ಲಿ ಕನ್ನಡಕ ಹಾಕಿಕೊಂಡ ಒಂದು ಕರಡಿಯ ಚಿತ್ರ ಅಂಟಿಸಿದ್ದರು. ಜೂನ್ ತಿಂಗಳಿಂದ ಈಚೆಗೆ ಆ ಕರಡಿ ಸಗರದ ಸರಕಾರಿ ಶಾಲೆಯ ಎಲ್‌ಕೆಜಿಯಿಂದ ಏಳು ಮಕ್ಕಳನ್ನು ಎತ್ತಿಕೊಂಡು ಹೋಗಿತ್ತು. ಇಪ್ಪತ್ತಿದ್ದದ್ದು ಹದಿಮೂರಾಗಿತ್ತು.

ಆ ಎಲ್‌ಕೆಜಿಗೆ ಅತಿಥಿ ಶಿಕ್ಷಕಿ ತಿರುಪತಿಯ ಹೆಂಡತಿ ಮೌನೇಶ್ವರಿ. (ಮೌನ ಹೆಸರಿನಲ್ಲಿ ಮಾತ್ರ.) ಡಿಸೆಂಬರ್ ಮುಗಿಯುವುದರೊಳಗೆ ಹಾಜರಿಯಲ್ಲಿ ಇಪ್ಪತ್ತು ಮಕ್ಕಳು ಕಾಣದಿದ್ದರೆ ತರಗತಿಯನ್ನು ಮುಚ್ಚಿ ಪಕ್ಕದೂರಿಗೆ ಸೇರಿಸಲಾಗುವುದು ಎಂದು ಯಾದಗಿರಿಯ ಶಿಕ್ಷಣ ಇಲಾಖೆಯಿಂದ ಕಾಗದ ಬಂದಿತ್ತು. ಅದೇ ಲಕೋಟೆಯಲ್ಲಿ ಇನ್ನೊಂದು ಕಾಗದವೂ ಇತ್ತು. ಹೊರಗಿನ ಸಂಪನ್ಮೂಲ ಮತ್ತು ತಂತ್ರಜ್ಞಾನಗಳನ್ನು ಬಳಸಿ ಪುಟ್ಟ ಮಕ್ಕಳ ಬೋಧನೆಯನ್ನು ಸಮೃದ್ಧಗೊಳಿಸತಕ್ಕದ್ದು, ಎಂದು ಅದರ ಅಪ್ಪಣೆ.

ಹೊರಗಿನ ಸಂಪನ್ಮೂಲದ ಭಾಗವನ್ನು ಮೌನೇಶ್ವರಿ ಒಂದೇ ವಾರದಲ್ಲಿ ಮುಗಿಸಿಬಿಟ್ಟಳು. ಬಳೆಗಾರ ಲಾಡ್ಲೇಸಾಬನನ್ನು ತರಗತಿಗೇ ಕರೆಸಿ, ಅವನ ಬಳೆಗಳಲ್ಲಿ ಮಕ್ಕಳಿಗೆ ಬಣ್ಣ ಕಲಿಸಿದಳು. ಮರುದಿನ ಜೋಳ, ತೊಗರಿ, ಹತ್ತಿಕಾಳುಗಳನ್ನು ಬೆರೆಸಿ ಕೊಟ್ಟು ಬೇರೆಬೇರೆ ಗುಡ್ಡೆ ಹಾಕಿಸಿದಳು. ಮಕ್ಕಳ ಕೇಕೆ ಊರ ಅಗಸಿಬಾಗಿಲವರೆಗೆ ಕೇಳಿಸುತ್ತಿತ್ತು.

“ಇದು ಸಂಪನ್ಮೂಲ ಏನು? ಸಂತಿ ಇದು, ಸಂತಿ!” ಎಂದು ತಿರುಪತಿ ಊಟಕ್ಕೆ ಕೂತಲ್ಲೇ ಗುಡುಗಿದ. “ಅವರ ಹತ್ರ ದೊಡ್ಡ ಸ್ಕ್ರೀನ್ ಅದ. ನೀ ಬಳಿ ತೋರಿಸಾಕತ್ತಿ.”

“ಬಳಿ ಮುಟ್ಟಿದ್ರ ಸಪ್ಪಳ ಆಗ್ತದ್ರಿ. ಸ್ಕ್ರೀನ್ ಮುಟ್ಟಿದ್ರ ಬೆರಳಿನ ಗುರ್ತು ಬೀಳ್ತದ, ಅಷ್ಟ.”

“ತಂತ್ರಜ್ಞಾನದ್ದು ಯಾರು ಮಾಡವ್ರು?”

“ಯಾರರ ಖಾಲಿ ಇದ್ದವ್ರು ಮಾಡ್ಲಿ. ಇನ್ನೊಂದು ರೊಟ್ಟಿ ಹಾಕ್ಲೇನು?”

ತಿರುಪತಿ ಖಾಲಿ ಇದ್ದ. ಶಹಾಪುರದ ಖಾಸಗಿ ಕಾಲೇಜೊಂದರಲ್ಲಿ ಅವನು ಹದಿನಾರು ವರ್ಷಗಳಿಂದ ಪ್ರಯೋಗಾಲಯ ಸಹಾಯಕ. ಪ್ರಾಕ್ಟಿಕಲ್ಲುಗಳೆಲ್ಲ ಮುಂಜಾನೆ ಮುಗಿಯುವುದರಿಂದ ಮಧ್ಯಾಹ್ನ ಹನ್ನೆರಡೂವರೆಗೆ ಬಿಡುಗಡೆ. ಬ್ಯುರೆಟ್ ತೊಳೆಯುವುದು, ಬಾಟಲಿಗಳಿಗೆ ಚೀಟಿ ಅಂಟಿಸುವುದು, ಉಪನ್ಯಾಸಕರು ತಪ್ಪು ಹೇಳಿದಾಗ ಬಾಗಿಲಲ್ಲಿ ನಿಂತು ಹಲ್ಲು ಕಡಿಯುವುದು, ಇವು ಅವನ ಕೆಲಸಗಳು. ಬಿ.ಎಸ್ಸಿ. ಓದಿದವನ ಕೈಗೆ ಈ ಹದಿನಾರು ವರ್ಷಗಳಲ್ಲಿ ಯಾರೂ ಒಂದು ಸಲವೂ ಸೀಮೆಸುಣ್ಣದ ಕಡ್ಡಿ ಕೊಟ್ಟಿರಲಿಲ್ಲ. ಆದರೂ, ಯಾರಾದರೂ ಕೇಳಿದರೆ ಇರಲಿ ಎಂದು, ಇನ್ನೂರು ಪುಟದ ನೋಟುಬುಕ್ಕಿನಲ್ಲಿ ನಲವತ್ತು ಪಾಠಗಳನ್ನು ದುಂಡಗೆ ಬರೆದಿಟ್ಟಿದ್ದ. ಯಾರೂ ಕೇಳಿರಲಿಲ್ಲ.

ಕಾಲೇಜಿನ ಉಗ್ರಾಣದಲ್ಲಿ ಗುಜರಿಗೆಂದು ತೆಗೆದಿರಿಸಿದ ಒಂದು ಪ್ರೊಜೆಕ್ಟರ್ ಇತ್ತು. ಪ್ರಿನ್ಸಿಪಾಲರಿಂದ ಲಿಖಿತ ಅನುಮತಿ ಪಡೆದು ಅದನ್ನು ಮನೆಗೆ ತಂದ. ಮೂರು ರವಿವಾರ ಬಿಚ್ಚಿ, ಒರೆಸಿ, ಜೋಡಿಸಿದ. ನಾಲ್ಕನೆಯ ರವಿವಾರ ಪಡಸಾಲೆಯ ಗೋಡೆಯ ಮೇಲೆ ಚಂದ್ರೋದಯವಾಯಿತು. ಒಂದು ಮಗ್ಗುಲಿಗೆ ಚಂದ್ರ ತುಸು ಹಸಿರಾಗಿದ್ದ.

“ಪಾಚಿ ಹತ್ಯಾದ ನೋಡು,” ಎಂದಳು ಅವನ ತಾಯಿ ದೇವಕಮ್ಮ.

ಪ್ರೊಜೆಕ್ಟರಿಗೆ ಕತ್ತಲೆ ಬೇಕು. ಎಲ್‌ಕೆಜಿಯ ಕೋಣೆಗೆ ಪಡುವಣಕ್ಕೆ ಮೂರು ಕಿಟಕಿ. ಮಧ್ಯಾಹ್ನದ ಬಿಸಿಲು ನೇರ ಗೋಡೆಗೇ ಬಡಿಯುತ್ತಿತ್ತು. ತಿರುಪತಿ ಟೇಪು ಹಿಡಿದು ಕಿಟಕಿಗಳ ಉದ್ದ ಅಗಲ ಅಳೆದುಕೊಂಡು ಬಂದ. ಆ ಅಳತೆಗೆ ಸರಿಹೊಂದುವ, ಬೆಳಕು ತೂರದ ವಸ್ತು ಮನೆಯಲ್ಲಿ ಒಂದೇ ಇತ್ತು. ಅದು ದೇವಕಮ್ಮ ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಕಿ ಹೊಲಿದಿದ್ದ ಕೌದಿ. ಅಂಥವು ಮೂರಿದ್ದವು.

“ಸಾಲಿಗೆ ಕೌದಿ ಯಾಕ ತಮ್ಮಾ? ಸಾಲ್ಯಾಗ ಮಕ್ಕೊಳ್ಳಾಕ ಹೊಂಟಿ ಏನು?”

“ಕಿಡಕಿಗೆ ಕಟ್ಟಾಕ ಅವ್ವಾ. ಬೆಳಕ ಬರಬಾರದು.”

“ಮಂದಿ ತಲ್ಯಾಗ ಬೆಳಕ ಬೀಳ್ಲಿ ಅಂತ ಸಾಲಿ ಕಟ್ತಾರ. ನೀ ಅದಕ್ಕ ಕತ್ತಲ ಮಾಡಾಕ ಹೊಂಟಿ. ಬಿ.ಎಸ್ಸಿ. ಅಂದ್ರ ಇದ ಏನು?”

ಡಿಸೆಂಬರ್ ಮೊದಲನೆಯ ದಿನ, ಬಿಸಿಯೂಟ ಮುಗಿದ ಮೇಲೆ, ಒಂದು ಗಂಟೆಗೆ ಸರಿಯಾಗಿ ಸಗರದ ಡಿಜಿಟಲ್ ಯುಗ ಆರಂಭವಾಯಿತು. ಹದಿಮೂರು ಮಕ್ಕಳು ಅನ್ನ ಸಾರು ಉಂಡು ಹೊಟ್ಟೆ ಸವರಿಕೊಳ್ಳುತ್ತ ಸಾಲಾಗಿ ಕೂತಿದ್ದವು. ಮೂರು ಕಿಟಕಿಗೂ ಕೌದಿ ಬಿದ್ದಿತ್ತು. ಯಂತ್ರದೊಳಗಿನ ಫ್ಯಾನು ಜೇನುಹುಳುವಿನಂತೆ ಗುಂಯ್‌ಗುಡುತ್ತಿತ್ತು. ಗೋಡೆಯ ಮೇಲೆ ಚಂದ್ರ ಮೂಡಿದ ಕೂಡಲೆ ಮಕ್ಕಳು “ಹೋ” ಎಂದವು. ತಿರುಪತಿ ಗೋಡೆಯ ಕಡೆಗೆ ತಿರುಗಿ ನೋಟುಬುಕ್ಕು ತೆರೆದ.

“ಚಂದ್ರನು ಭೂಮಿಯ ಏಕೈಕ ನೈಸರ್ಗಿಕ ಉಪಗ್ರಹ. ಭೂಮಿಯಿಂದ ಅವನ ಸರಾಸರಿ ದೂರ ಮೂರು ಲಕ್ಷದ ಎಂಬತ್ನಾಲ್ಕು ಸಾವಿರದ ನಾಲ್ಕು ನೂರು ಕಿಲೋಮೀಟರ್. ಸರಾಸರಿ ಎಂದು ಏಕೆ ಹೇಳಿದೆನೆಂದರೆ…”

ತಾಪಮಾಪಕದ ಅಂಕಿ ಓದುವವನಂತೆ, ಒಂದೂ ಏರಿಳಿತವಿಲ್ಲದೆ, ಅವನ ಸ್ವರ ಹರಿಯಿತು. ಏರಿಳಿತವಿದ್ದಲ್ಲಿ ನಿಖರತೆ ಇರುವುದಿಲ್ಲ ಎಂಬುದು ಅವನ ಸಿದ್ಧಾಂತ. ಕೋಣೆಯಲ್ಲಿ ಪಿಟ್ಟೆಂಬ ಸದ್ದಿಲ್ಲ. ಇಂಥ ನಿಶ್ಶಬ್ದ ಅವನ ಕಾಲೇಜಿನ ಯಾವ ಉಪನ್ಯಾಸಕನಿಗೂ ಎಂದೂ ದಕ್ಕಿರಲಿಲ್ಲ. ಪಾಠ ಶುಕ್ಲಪಕ್ಷಕ್ಕೆ ಬರುವ ಹೊತ್ತಿಗೆ ತಿರುಪತಿಯ ಕಣ್ಣುಗಳು ತುಂಬಿಬಂದವು. ಗ್ರಹಣಗಳನ್ನೂ ಮುಗಿಸಿ, ನಲವತ್ತು ನಿಮಿಷದ ನಂತರ, ಮೆಚ್ಚುಗೆಯನ್ನು ಸ್ವೀಕರಿಸಲು ಸಿದ್ಧನಾಗಿ ಕೌದಿ ಸರಿಸಿದ.

ಹದಿಮೂರೂ ಮಕ್ಕಳು ನಿದ್ದೆ ಹೋಗಿದ್ದವು. ಒಂದರ ಕಾಲು ಇನ್ನೊಂದರ ಹೊಟ್ಟೆಯ ಮೇಲಿತ್ತು. ಹೊಲದ ಕೂಲಿಗೆ ಹೋಗುವ ಸುಗರಾಬಿಯ ಮಗಳು ಫಿರ್ದೌಸ್ ತಿರುಪತಿಯ ಬ್ಯಾಗನ್ನೇ ತಲೆದಿಂಬು ಮಾಡಿಕೊಂಡಿದ್ದಳು. ಆಯಾ ಮಲ್ಲಾಬಾಯಿ ಕಸಬರಿಗೆಯನ್ನು ತಬ್ಬಿಕೊಂಡು ಹೊಸ್ತಿಲಿಗೆ ಒರಗಿದ್ದಳು.

“ಏ, ಏಳ್ರೋ!” ಎಂದು ತಿರುಪತಿ ಬಾಯಿ ತೆರೆಯುವಷ್ಟರಲ್ಲಿ ಮೌನೇಶ್ವರಿ ಓಡಿಬಂದು ಅವನ ಕೈ ಹಿಡಿದಳು.

“ಎಬ್ಬಿಸಬ್ಯಾಡ್ರೀ! ಆರು ತಿಂಗಳಾದ ಮ್ಯಾಲ ಇವತ್ತ ನಾ ಒಂದು ಕಪ್ ಚಹಾ ಬಿಸಿ ಇದ್ದಾಗ ಕುಡದೀನಿ.”

ಮರುದಿನ ಜಲಚಕ್ರ. ಅದರ ಮರುದಿನ ಸಸ್ಯಗಳ ಆಹಾರ. ಮತ್ತೆ ಚಂದ್ರ. ತಿರುಪತಿ ಈಗ ಮಕ್ಕಳ ಕಡೆಗೇ ಮುಖ ಮಾಡಿ ನಿಂತು, ಕೈಗಡಿಯಾರ ನೋಡಿ ದಾಖಲಿಸತೊಡಗಿದ. ಕೊನೆಯ ಮಗು ಕಣ್ಣು ಮುಚ್ಚಲು ಜಲಚಕ್ರಕ್ಕೆ ನಾಲ್ಕು ನಿಮಿಷ, ಸಸ್ಯಗಳ ಆಹಾರಕ್ಕೆ ಎರಡೂವರೆ. ಚಂದ್ರ ಆರು ನಿಮಿಷ ತಡೆದುಕೊಂಡ.

ಅದು ಹತ್ತಿ ಬಿಡಿಸುವ ಸುಗ್ಗಿ. ಊರ ಹೆಣ್ಣುಮಕ್ಕಳೆಲ್ಲ ಮುಂಜಾನೆ ಹೊಲಕ್ಕೆ ಹೋದರೆ ಬರುವುದು ಹೊತ್ತು ಮುಳುಗುವ ಹೊತ್ತಿಗೆ. ಮಧ್ಯಾಹ್ನ ಮಲಗದ ಕೂಸು ಸಂಜೆ ಹೇಗೆ ಜೀವ ಹಿಂಡುತ್ತದೆಂಬುದನ್ನು ಅವರಿಗೆ ಯಾವ ಕಾನ್ವೆಂಟಿನ ಕರಡಿಯೂ ಕಲಿಸಬೇಕಾಗಿರಲಿಲ್ಲ. ಫಿರ್ದೌಸ್ ಸಂಜೆ ನಗುನಗುತ್ತ ಮನೆಗೆ ಬಂದು, ಉಂಡು, ಹಟ ಮಾಡದೆ ಆಡುತ್ತಿದ್ದಾಳೆಂಬ ಸುದ್ದಿಯನ್ನು ಸುಗರಾಬಿ ಹತ್ತಿಯ ಸಾಲಿನಿಂದ ಸಾಲಿಗೆ ಸಾಗಿಸಿದಳು. ವಾರ ಕಳೆಯುವಷ್ಟರಲ್ಲಿ ಹಳದಿ ವ್ಯಾನಿನಿಂದ ಮೂರು ಮಕ್ಕಳು ಇಳಿದು ಬಂದವು. ಆಮೇಲೆ ಉಳಿದ ನಾಲ್ಕು. ಆಮೇಲೆ ಎಲ್ಲಿಯೂ ಹೆಸರು ಹಚ್ಚದ ಮೂವರು. ಹಾಜರಿ ಇಪ್ಪತ್ಮೂರಕ್ಕೆ ನಿಂತಿತು.

ಮೌನೇಶ್ವರಿ ಖುಷಿಗೆ ಬೆಲ್ಲ ಹಾಕಿ ಸಜ್ಜಕ ಮಾಡಿದಳು. ತಿರುಪತಿ ಬಟ್ಟಲನ್ನು ಮುಟ್ಟಲಿಲ್ಲ.

“ಅವ್ರು ವಿಜ್ಞಾನಕ್ಕ ಬಂದಿಲ್ಲ. ನಿದ್ದಿಗೆ ಬಂದಾರ!”

“ಹಾಜರಿ ಪುಸ್ತಕದಾಗ ಎದ್ದವ್ರು, ಮಕ್ಕೊಂಡವ್ರು ಅಂತ ಬ್ಯಾರೆ ಬ್ಯಾರೆ ಮನಿ ಹಾಕಿಲ್ರಿ. ಒಟ್ಟ ಇಪ್ಪತ್ಮೂರು. ತಿನ್ರಿ, ಆರತದ.”

“ಇದು ನನಗ ಅವಮಾನ.”

“ಶಹಾಪುರದ ಗುಡ್ಡಾನ ಬುದ್ಧನಂಗ ಮಕ್ಕೊಂಡದ. ಮಂದಿ ಬಸ್ಸು ಹಿಡದು ನೋಡಾಕ ಬರ್ತಾರ. ಅದಕ್ಕೇನು ಅವಮಾನ ಆಗ್ಯಾದ?”

“ನನ್ನ ಪಾಠದಾಗ ತಪ್ಪಿಲ್ಲ. ತಪ್ಪು ಕೌದಿದು!”

“ಏನಂದಿ?” ಎಂದು ಒಳಗಿನಿಂದ ದೇವಕಮ್ಮ ಎದ್ದು ಬಂದಳು. “ನಿನ್ನಪ್ಪ ಆ ಕೌದಿ ಹೊಚ್ಗೊಂಡು ನಲವತ್ತು ವರ್ಷ ಜಲ್ದಿ ಎದ್ದು ಹೊಲಕ್ಕ ಹೋಗ್ಯಾನ. ಕೌದಿಗೆ ಹೆಸರಿಡಬ್ಯಾಡ.”

ಬಾಯಿಮಾತಿನಿಂದ ಇದು ತೀರುವುದಿಲ್ಲವೆಂದು ತಿರುಪತಿ ಪ್ರಯೋಗಕ್ಕೆ ನಿಂತ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು, ಉಳಿದದ್ದೆಲ್ಲ ಹಾಗೇ ಇರಬೇಕು. ವಿಜ್ಞಾನದ ನ್ಯಾಯಾಲಯದಲ್ಲಿ ಅಷ್ಟೇ ಸಾಕ್ಷಿ. ಸೋಮವಾರ ಕೌದಿಗಳನ್ನು ಬಿಚ್ಚಿಸಿದ. ಬಿಸಿಲಲ್ಲಿ ಚಂದ್ರ ಕಾಣಿಸಲೇ ಇಲ್ಲ. ಪಾಠ ಮಾತ್ರ ಕೇಳಿಸಿತು. ಐದು ನಿಮಿಷ. ಮಂಗಳವಾರ ಕಾಲೇಜಿಗೆ ರಜೆ ಹಾಕಿ, ಊಟಕ್ಕಿಂತ ಮುಂಚೆ, ಮಕ್ಕಳು ಹಸಿದಿರುವಾಗ ಪಾಠ ಮಾಡಿದ. ಹಸಿವು ಒಂದು ನಿಮಿಷ ಹೋರಾಡಿ ಸೋತಿತು: ಏಳು ನಿಮಿಷ. ಬುಧವಾರ ಪ್ರೊಜೆಕ್ಟರನ್ನೇ ಹಚ್ಚಲಿಲ್ಲ. ನಾಲ್ಕು ನಿಮಿಷ. ಅಂದರೆ ಇಷ್ಟು ದಿನ ಆ ಯಂತ್ರ ಮಕ್ಕಳ ನಿದ್ದೆಗೆ ಅಡ್ಡಿ ಮಾಡುತ್ತಿತ್ತು!

ಗುರುವಾರ ಊಟ, ಕೌದಿ, ಪ್ರೊಜೆಕ್ಟರ್, ಪಾಚಿ ಹತ್ತಿದ ಚಂದ್ರ ಎಲ್ಲವೂ ಮರಳಿ ಬಂದವು. ತಿರುಪತಿ ಮಾತ್ರ ಹೊರಗೆ ನಿಂತ. ಒಳಗೆ ಮೌನೇಶ್ವರಿ ನೋಟುಬುಕ್ಕನ್ನು ಒಂದು ಸಲ ನೋಡಿ, ಮುಚ್ಚಿ ಬದಿಗಿಟ್ಟಳು.

“ಏ ಮಕ್ಕಳೇ, ಚಂದಪ್ಪ ಯಾರ ಮನಿ ಮ್ಯಾಲ ಬರ್ತಾನ?”

“ನಮ್ಮನಿ ಮ್ಯಾಲ!” ಎಂದು ಫಿರ್ದೌಸ್ ಎದ್ದು ನಿಂತಳು.

“ಸುಳ್ಳು! ನಮ್ಮ ಮಾಳಿಗಿ ಮ್ಯಾಲ!” ಎಂದ ಒಬ್ಬ.

“ಎಲ್ಲಿ ಮಾಳಿಗಿ? ನಿಮ್ಮದು ತಗಡಿನ ಪತ್ರಾಸದ ಮನಿ! ಚಂದಪ್ಪ ಹ್ಯಾಂಗ ನಿಂದರ್ತಾನ, ಜಾರಿ ಬೀಳಂಗಿಲ್ಲೇನು?” ಎಂದಳು ಮತ್ತೊಬ್ಬಳು.

ನಲವತ್ತು ನಿಮಿಷ ಇಪ್ಪತ್ಮೂರು ಮಕ್ಕಳು ಚಂದ್ರನನ್ನು ಎಳೆದಾಡಿದರು. ಒಂದು ಕೌದಿ ಹರಿದು ಕೆಳಗೆ ಬಂತು. ಮಲ್ಲಾಬಾಯಿ ಕೂಡ ಕಸಬರಿಗೆ ಎತ್ತಿ ಹಿಡಿದು, ಚಂದ್ರ ತನ್ನ ತವರೂರು ವನದುರ್ಗದ ಕೋಟೆಯ ಮೇಲಷ್ಟೇ ನೆಟ್ಟಗೆ ನಿಲ್ಲುತ್ತಾನೆಂದು ವಾದಿಸಿದಳು. ಒಂದೇ ಒಂದು ಕಣ್ಣೂ ಮುಚ್ಚಲಿಲ್ಲ.

ಆ ಸಂಜೆ ತಿರುಪತಿ ಅಂಕಿಗಳನ್ನು ಬಹಳ ಹೊತ್ತು ನೋಡಿದ. ಪ್ರಯೋಗದಲ್ಲಿ ಒಂದು ಲೋಪವೂ ಇರಲಿಲ್ಲ. ಪ್ರಯೋಗ ಮಾಡಿದವನು ಅವನೇ. ‘ನಿರ್ಣಯ: ನಿದ್ದೆಗೆ ಕಾರಣ ಕೌದಿ ಅಲ್ಲ, ಊಟ ಅಲ್ಲ, ಯಂತ್ರ ಅಲ್ಲ,’ ಎಂದು ಬರೆದು ಪೆನ್ನು ಕೆಳಗಿಟ್ಟ. ಮೌನೇಶ್ವರಿ ಪೆನ್ನೆತ್ತಿಕೊಂಡು ಮುಂದಿನ ಸಾಲು ಬರೆದಳು: ‘ತಿರುಪತಿ, ಬಿ.ಎಸ್ಸಿ.’

“ಇನ್ನ ನಾ ಸಾಲಿ ಕಡೆ ಕಾಲಿಡಂಗಿಲ್ಲ,” ಎಂದ ತಿರುಪತಿ.

ಇಡಲಿಲ್ಲ. ಶುಕ್ರವಾರ ಮಕ್ಕಳು ಮಲಗಲಿಲ್ಲ. ಶನಿವಾರ ವ್ಯಾನು ಓಣಿಯಲ್ಲಿ ಎರಡು ಸಲ ಹೆಚ್ಚಿಗೆ ಹಾರ್ನ್ ಹೊಡೆಯಿತು. ಹಾಜರಿ ಹದಿನೇಳಕ್ಕೆ ಇಳಿಯಿತು. ಯಾದಗಿರಿಯವರು ಎಣಿಸಲು ಬರುವುದು ಮುಂದಿನ ಗುರುವಾರ. ಮೌನೇಶ್ವರಿ ಏನೂ ಅನ್ನಲಿಲ್ಲ. ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಅವಳು ಹೆಸರಿಗೆ ತಕ್ಕಂತೆ ನಡೆದುಕೊಂಡದ್ದು ಅದೇ ಮೊದಲು, ಮತ್ತು ಅದು ತಿರುಪತಿಗೆ ತಡೆಯಲಾಗಲಿಲ್ಲ.

ರವಿವಾರ ಮಧ್ಯಾಹ್ನ ಸುಗರಾಬಿ ಮನೆಯ ಬಾಗಿಲಿಗೆ ಬಂದಳು. ಕಂಕುಳಲ್ಲಿ ಏಳು ತಿಂಗಳ ಮಗ ಅಯಾಜ್. ಹಲ್ಲು ಬರುವ ಬಾಧೆಗೆ ಮುಗಿಲು ಹರಿಯುವಂತೆ ಅಳುತ್ತಿದ್ದ.

“ಸರ್ರ, ಎರಡು ದಿನ ಆತ್ರಿ, ಇಂವ ಕಣ್ಣು ಮುಚ್ಚವಲ್ಲ. ನಿಮಗ ಪುಣ್ಯ ಬರ್ತದ, ಜರಾ ಎರಡು ಮಾತು ಪಾಠ ಹೇಳ್ರಿ. ಮತ್ತ ನಾಳೆ ನೀವು ಸಾಲಿಗೆ ಬರ್ತೀರೋ ಇಲ್ಲೋ ಖರೇ ಹೇಳ್ರಿ. ಬರಲ್ಲಂದ್ರ ನಾನೂ ಫಿರ್ದೌಸ್‌ನ್ನ ವ್ಯಾನಿಗೆ ಹತ್ತಸ್ತೀನಿ.”

ಮೂರು ದಿನದಿಂದ ಅದುಮಿಟ್ಟಿದ್ದ ಸಿಟ್ಟೆಲ್ಲ ತಿರುಪತಿಯ ಗಂಟಲಿಗೆ ಬಂತು. ಆದರೆ ಸಿಟ್ಟಿನಲ್ಲೂ ನಿಖರತೆ ಬಿಡುವವನಲ್ಲ ಅವನು.

“ನೋಡವ್ವ ಸುಗರಾಬಿ, ವಿಜ್ಞಾನ ಅಂದ್ರ ಜೋಗುಳ ಅಲ್ಲ. ಅದಕ್ಕೊಂದು ಕ್ರಮ ಅದ. ಆ ಕ್ರಮಕ್ಕ ಮೂರು ಹಂತ ಅದಾವ. ಮೊದಲನೇ ಹಂತ ವೀಕ್ಷಣೆ. ವೀಕ್ಷಣೆ ಅಂದ್ರ ಬರೇ ನೋಡೋದಲ್ಲ…”

ಅಯಾಜ್ ಬಿಕ್ಕಿ ಸುಮ್ಮನಾದ. ತಿರುಪತಿಯ ತುಟಿಗಳನ್ನೇ ನೋಡಿದ.

“ಎರಡನೇ ಹಂತ ಪ್ರಯೋಗ. ಪ್ರಯೋಗದಾಗ ಎರಡು ನಮೂನಿ ಅಂಶ ಇರ್ತಾವ. ಒಂದು, ನಾವು ಬದಲು ಮಾಡೋವು…”

ಕೂಸಿನ ಮುಷ್ಟಿ ಬಿಚ್ಚಿತು. ರೆಪ್ಪೆ ಇಳಿಯಿತು. ತಿರುಪತಿ ಅದನ್ನು ಕಂಡು ಥಟ್ಟನೆ ಮಾತು ನಿಲ್ಲಿಸಿದ. ಕೂಸು ಮುಖ ಹಿಂಡಿತು.

“ನಿಲ್ಲಿಸಬ್ಯಾಡ್ರಿ ಸರ್ರ,” ಎಂದು ಸುಗರಾಬಿ ಪಿಸುಗುಟ್ಟಿ, ಗೋಡೆಗೆ ಬೆನ್ನು ಕೊಟ್ಟು ಕಟ್ಟೆಯ ಮೇಲೆ ಕೂತಳು. “ಇನ್ನೊಂದು ಹಂತ ಉಳದದ.”

ತಿರುಪತಿ ಬಾಗಿಲ ಕಡೆ ನೋಡಿದ. ಮೌನೇಶ್ವರಿ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಅವನು ಗಂಟಲು ಸರಿಮಾಡಿಕೊಂಡು ಮೂರನೆಯ ಹಂತವನ್ನು ಶುರುಮಾಡಿದ. ಯಾವ ಮಾತನ್ನೂ ಬಿಡದೆ, ನಿಧಾನವಾಗಿ, ಮುಗಿಸಿದ. ಅದೇ ಸ್ವರದಲ್ಲಿ, ಕೂಸು ಏಳದ ಹಾಗೆ, ಕೊನೆಗೆ ಹೇಳಿದ:

“ನಾಳೆ ಒಂದು ಗಂಟೆಕ್ಕ ಫಿರ್ದೌಸ್‌ನ್ನ ಸಾಲಿಗೇ ಕಳಸು. ಜಲಚಕ್ರ ಅದ.”

ವಾರವಿಡೀ ಹತ್ತಿ ಬಿಡಿಸಿದ ಕೈಯನ್ನು ಕೂಸಿನ ಬೆನ್ನ ಮೇಲಿಟ್ಟುಕೊಂಡು, ಸುಗರಾಬಿಯೂ ಕೂತಲ್ಲೇ ನಿದ್ದೆ ಹೋಗಿದ್ದಳು.